ಶೇಡಕ್ಕನ ಬೂದುಬಿಳಿ

ಬಿಳಿಯಲ್ಲಿ ಎಷ್ಟು ಬಗೆ ಎಂದು ಸಾಮಾನ್ಯ ಜನರನ್ನು ಕೇಳಿದರೆ ಒಂದು ಅನ್ನುತ್ತಾರೆ. ಸಂಸಾರಸ್ಥರು ಎರಡು ಅನ್ನುತ್ತಾರೆ: ಒಗೆಯುವ ಮೊದಲಿನದು, ಒಗೆದ ಮೇಲಿನದು. ಶೇಡಕ್ಕನನ್ನು ಕೇಳಿದರೆ ಮಾತ್ರ ಆಕೆ ಮೊದಲು ನಿಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಮನೆಯಲ್ಲಿ ಹೇಳಿ ಬಂದಿದ್ದೀರಾ ಎಂದು ವಿಚಾರಿಸುತ್ತಿದ್ದಳು. ಯಾಕೆಂದರೆ ಆ ಪಟ್ಟಿ ಹೇಳಿ ಮುಗಿಸುವಷ್ಟರಲ್ಲಿ ಕೂತವರ ಮಕ್ಕಳಿಗೆ ಮೀಸೆ ಬಂದಿರುವ ಸಂಭವವಿತ್ತು.

ಆಕೆಯ ನಿಜವಾದ ಹೆಸರು ಸಂಬಳದ ರಿಜಿಸ್ಟರಿಗೂ ಆಕೆಯ ತಾಯಿಗೂ ಮಾತ್ರ ಗೊತ್ತಿತ್ತು. ಟೈರ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಪೇಂಟ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಬಣ್ಣ ಬೆರೆಸುವ ಕೆಲಸ. ಶೇಡ್ ಕಾರ್ಡಿನಲ್ಲಿ ಗಿರಾಕಿ ತೋರಿಸಿದ ಚೌಕವನ್ನು ಒಮ್ಮೆ ನೋಡಿ, ಬಿಳಿ ಪೇಂಟಿನ ಡಬ್ಬಿಗೆ ಸ್ಟೇನರ್ ಬಾಟಲಿಯಿಂದ ತೊಟ್ಟು ತೊಟ್ಟಾಗಿ ಬಣ್ಣ ಬಿಟ್ಟು, ಮರದ ಪಟ್ಟಿಯಿಂದ ಕಲಕಿ, ಹೆಬ್ಬೆರಳಿನ ಉಗುರಿಗೆ ಹಚ್ಚಿ ನೋಡುತ್ತಿದ್ದಳು. ಅಳತೆಯ ಲೋಟವಿಲ್ಲ, ತಕ್ಕಡಿಯಿಲ್ಲ. ಕಣ್ಣೇ ಎಲ್ಲ. ಆ ಕಣ್ಣು ಎಂಥದ್ದೆಂದರೆ, ಪಕ್ಕದ ಕನ್ನಡಕದ ಅಂಗಡಿಯವನು ಆಕೆ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಇಂಥವರು ಇನ್ನಿಬ್ಬರಿದ್ದರೆ ತನ್ನ ಅಂಗಡಿಗೆ ಬೀಗ ಎಂಬ ಭಯ. ಒಮ್ಮೆ ಹೊಲಿಗೆಯಂಗಡಿಯಲ್ಲಿ ಬಿಳಿ ದಾರದ ಉಂಡೆ ಕೊಟ್ಟಾಗ ಬೆಳಕಿಗೆ ಹಿಡಿದು ನೋಡಿ, "ಇದು ಬಿಳಿ ಅಲ್ಲಣ್ಣ, ಜ್ವರ ಬಂದಿರೋ ಬಿಳಿ" ಎಂದು ವಾಪಸು ಕೊಟ್ಟಿದ್ದಳು. ಟೈಲರ್ ಆ ಉಂಡೆಯನ್ನು ಒಂದು ವಾರ ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದನಂತೆ, ಮಿಕ್ಕ ದಾರಗಳಿಗೆ ಅಂಟದಿರಲಿ ಎಂದು.

ಊರಿಗೆಲ್ಲ ಬಣ್ಣ ಆರಿಸಿಕೊಟ್ಟ ಈ ಹೆಂಗಸು ತನಗಾಗಿ ಒಂದು ಬಣ್ಣವನ್ನೂ ಆರಿಸಿದವಳಲ್ಲ. ಹುಟ್ಟಿದ್ದು ಮಿಲ್ಲಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವವನು. ಮಿಲ್ಲಿನವರು ಯಾವುದೋ ಕಾಲದಲ್ಲಿ ಯಂತ್ರಗಳಿಗೆಂದು ತರಿಸಿದ ಹಸಿರು ಬಣ್ಣ ಮಿಕ್ಕಿತ್ತು. ಅದನ್ನೇ ಕ್ವಾರ್ಟರ್ಸಿಗೂ ಶಾಲೆಗೂ ಆಸ್ಪತ್ರೆಗೂ ಹೊಡೆಸಿದರು. ಅಲ್ಲೇ ಸುಮ್ಮನೆ ನಿಂತಿದ್ದ ಒಬ್ಬ ಕಾವಲುಗಾರನಿಗೂ ಹೊಡೆದರು ಎಂದು ಹೇಳುವವರಿದ್ದಾರೆ. ಮದುವೆಯಾಗಿ ಬಂದ ಬಾಡಿಗೆ ಕೋಣೆಯದು ನೀಲಿ. ಮನೆ ಮಾಲೀಕನಿಗೆ ನೀಲಿಯೆಂದರೆ ಪ್ರಾಣ. ಆ ನೀಲಿಯೊಳಗೆ ಹದಿನಾರು ವರ್ಷ ಕೂತವರಿಗೆ ಹೊರಗೆ ಬಂದಾಗ ಆಕಾಶವೂ ಬಾಡಿಗೆಯದೇ ಅನ್ನಿಸುತ್ತಿತ್ತು.

ಕೊನೆಗೆ ಊರಾಚೆ ಎರಡು ಕೋಣೆಯ ಸ್ವಂತ ಮನೆಯಾಯಿತು. ಗೋಡೆಗೆ ಪುಟ್ಟಿ ಬಳಿದು, ಪ್ರೈಮರ್ ಹೊಡೆದು, ಅಲ್ಲಿಗೆ ನಿಂತಿತು. ನಾಲ್ಕು ವರ್ಷ ನಿಂತಿತು.

"ಏನೇ, ಊರಲ್ಲಿರೋ ಬಚ್ಚಲಿಗೆಲ್ಲ ಬಣ್ಣ ಸಿಕ್ತು, ನಮ್ಮ ಗೋಡೆಗೆ ಯಾವಾಗ?" ಎಂದು ಗಂಡ ಕೇಳುತ್ತಿದ್ದ. ಆತ ಲೇತ್ ಮೆಶೀನಿನ ಕೆಲಸಗಾರ, ಕಬ್ಬಿಣ ಬಿಟ್ಟರೆ ಮಿಕ್ಕಿದ್ದೆಲ್ಲ ಅವನಿಗೆ ತಮಾಷೆ. "ನೆಂಟರು ಬಂದ್ರೆ ಗೋಡೆ ನೋಡಿ, ರೋಗಿ ಯಾವ ವಾರ್ಡಲ್ಲಿದ್ದಾರೆ ಅಂತ ಕೇಳ್ತಾರೆ."

"ಇನ್ನೂ ಆಗಿಲ್ಲ ರೀ."

"ಏನು ಆಗಿಲ್ಲ? ಬಣ್ಣ ಏನು ಬಸುರಿಯಾ?"

ಆಗಬೇಕಾಗಿದ್ದದ್ದು ಡ್ರಮ್ಮು.

ಕೈಯಲ್ಲಿ ಬಣ್ಣ ಬೆರೆಸುವ ಪ್ರತಿ ಅಂಗಡಿಯ ಹಿಂಬದಿಯಲ್ಲೂ ಒಂದು ತಪ್ಪಿನ ಡ್ರಮ್ಮು ಇರುತ್ತದೆ. ಒಂದು ಸಲ ಬೆರೆಸಿದ ಬಣ್ಣವನ್ನು ಬಿಡಿಸಲಾಗುವುದಿಲ್ಲ. ಗಿರಾಕಿ "ಇದಲ್ಲ" ಅಂದ ಡಬ್ಬಿ, ಗಂಡ ಒಪ್ಪಿ ಹೆಂಡತಿ ಒಪ್ಪದ ಡಬ್ಬಿ, ನಂಬರ್ ತಪ್ಪಾಗಿ ಬರೆದುಕೊಂಡ ಡಬ್ಬಿ, ಎಲ್ಲ ಕೊನೆಗೆ ಆ ಡ್ರಮ್ಮಿಗೇ ಹೋಗಿ ಬೀಳುತ್ತವೆ. ಗುಲಾಬಿ, ಗಿಳಿಹಸಿರು, ನೇರಳೆ, ನಿಂಬೆ ಎಲ್ಲ ಸೇರಿ ಹೆಸರಿಡಲು ನಾಚಿಕೆಯಾಗುವಂಥ ಕೆಸರಾಗುತ್ತದೆ. ಅದನ್ನು ಗೋದಾಮಿನ ಕಾಂಪೌಂಡಿಗೋ ಶೌಚಾಲಯದ ಹಿಂಗೋಡೆಗೋ ಹೊಡೆದು ಕೈ ತೊಳೆದುಕೊಳ್ಳುತ್ತಾರೆ.

ಅಂಗಡಿಯ ಸಾಹುಕಾರ ಒಂದು ದಿನ ಆ ಡ್ರಮ್ಮಿಗೆ ಎಡವಿ ಬಿದ್ದು, "ಈ ದರಿದ್ರದ್ದನ್ನ ನೀನೇ ಇಟ್ಕೊಳ್ಳಮ್ಮ, ನನ್ನ ಕಣ್ಣಿಗೆ ಬೀಳಬಾರ್ದು" ಅಂದಿದ್ದ. ಶೇಡಕ್ಕ ಆ ಮಾತನ್ನು ಪತ್ರ ಬರೆಸಿಕೊಂಡಷ್ಟು ಭದ್ರವಾಗಿ ಎತ್ತಿಟ್ಟುಕೊಂಡಳು. ಡ್ರಮ್ಮನ್ನು ಕೈತೊಳೆಯುವ ತೊಟ್ಟಿಯ ಪಕ್ಕಕ್ಕೆ ಸರಿಸಿ, ಅಂದಿನಿಂದ ಅದನ್ನು ಸಾಕತೊಡಗಿದಳು. ಯಾವ ತಪ್ಪಿನ ಡಬ್ಬಿ ಒಳಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಆಕೆಯೇ ನಿರ್ಧರಿಸುತ್ತಿದ್ದಳು. ಗಿಳಿಹಸಿರು ಬಿದ್ದ ವಾರ ಅದನ್ನು ತಣಿಸಲು ಇಟ್ಟಿಗೆ ಕೆಂಪಿನ ಒಂದು ತಪ್ಪು ಬರಲಿ ಎಂದು ಕಾಯುತ್ತಿದ್ದಳು. ಬೇಕೆಂದು ತಪ್ಪು ಮಾಡಿದವಳಲ್ಲ. ಅದು ಆಕೆಯ ಮರ್ಯಾದೆಯ ಪ್ರಶ್ನೆ. ಶನಿವಾರಕ್ಕೊಮ್ಮೆ ಕಲಕಿ, ಕೆನೆಗಟ್ಟಿದ್ದನ್ನು ಹಳೇ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಬಿಗಿಯುತ್ತಿದ್ದಳು. ಹೆತ್ತ ಮಕ್ಕಳಿಗೂ ವಾರಕ್ಕೊಮ್ಮೆ ಇಷ್ಟು ಶ್ರದ್ಧೆಯಿಂದ ತಲೆಸ್ನಾನ ಮಾಡಿಸುವವರು ಕಡಿಮೆ.

ಆಕೆಗೆ ಬೇಕಾಗಿದ್ದದ್ದು ಬೂದುಬಿಳಿ. ಆದರೆ ಬೆಚ್ಚನೆಯ ಬೂದುಬಿಳಿ. ಬಿಳಿಗೆ ಬರೀ ಕಪ್ಪು ಬಿಟ್ಟರೆ ಬರುವ ಬೂದು ತಣ್ಣಗಿರುತ್ತದೆ, ಹೆಣದ ತುಟಿಯ ಹಾಗೆ. ಅದಕ್ಕೆ ಹಳದಿ ಮಣ್ಣಿನ ಬಣ್ಣ ಸೇರಬೇಕು. ಒಂದು ತೊಟ್ಟು ಹೆಚ್ಚಾದರೆ ಗೋಡೆಯ ಮೇಲೆ ಯಾರೋ ಚಹಾ ಚೆಲ್ಲಿದ ಹಾಗೆ. ಆಮೇಲೆ ಕೆಂಪು ಮಣ್ಣಿನದು, ಅದೂ ಕಂಡೂ ಕಾಣದಷ್ಟು. ಅದು ಬೂದಿಗೆ ರಕ್ತ ತುಂಬುತ್ತದೆ. ಹೆಚ್ಚಾದರೆ ಗೋಡೆ ನಾಚಿಕೊಂಡ ಹಾಗೆ ಕಾಣುತ್ತದೆ. ಬೆಳಗ್ಗೆಯ ಬೆಳಕಿಗೆ ಹಿಟ್ಟಿನಂತೆ, ಮಧ್ಯಾಹ್ನ ಮೊಟ್ಟೆಯ ಚಿಪ್ಪಿನಂತೆ, ಟ್ಯೂಬ್‌ಲೈಟಿಗೆ ಹಳೇ ಕಾಗದದಂತೆ ಕಾಣಬೇಕು, ಯಾವ ಹೊತ್ತಿಗೂ ಹಸಿರುಗಟ್ಟಬಾರದು, ನೀಲಿಗಟ್ಟಬಾರದು. ಆ ಎರಡು ಬಣ್ಣಗಳ ಸಹವಾಸ ಆಕೆಗೆ ಮೂರು ಜನ್ಮಕ್ಕೆ ಸಾಕಾಗುವಷ್ಟು ಆಗಿತ್ತು. ಶೇಡ್ ಕಾರ್ಡಿನಲ್ಲಿ ಸಾವಿರದ ಎಂಟುನೂರು ಚೌಕಗಳಿದ್ದವು. ಅವುಗಳಲ್ಲಿ ಇದಿರಲಿಲ್ಲ.

ನಾಲ್ಕನೆಯ ವರ್ಷದ ಒಂದು ಶನಿವಾರ ಮುಚ್ಚಳ ತೆಗೆದು ಕಲಕಿ, ಉಗುರಿಗೆ ಹಚ್ಚಿ ನೋಡಿದಳು. ಬಾಗಿಲಿನಷ್ಟು ದೊಡ್ಡ ರಟ್ಟಿಗೆ ಎರಡು ಕೋಟು ಬಳಿದು, ಆ ರಟ್ಟನ್ನು ಹೆಗಲ ಮೇಲೆ ಹೊತ್ತು ಮನೆಗೆ ಒಯ್ದು, ಮುಂಗೋಣೆಯ ನಾಲ್ಕು ಗೋಡೆಗೂ ಸರದಿಯಾಗಿ ಒರಗಿಸಿ ಭಾನುವಾರವೆಲ್ಲ ಅದರ ಮುಂದೆ ಕೂತಳು. ಅನ್ನಕ್ಕೆ ಎದ್ದವಳು ತಟ್ಟೆ ಹಿಡಿದು ಮತ್ತೆ ಅಲ್ಲಿಗೇ ಬಂದಳು.

"ಟಿ.ವಿ. ಯಾವಾಗ ತಂದೆ? ಯಾವ ಚಾನೆಲ್ಲು?" ಅಂದ ಗಂಡ.

"ಆಯ್ತು ರೀ" ಅಂದಳು ಆಕೆ. "ಬಣ್ಣ ಆಯ್ತು. ರಜ ಹಾಕಿ."

ಆತ ತಮಾಷೆ ಬಿಟ್ಟು, ಮರುದಿನದಿಂದಲೇ ಮೂರು ದಿನಕ್ಕೆ ರಜ ಚೀಟಿ ಬರೆದ.

ಅಷ್ಟರಲ್ಲಿ ಅಂಗಡಿಗೆ ಬಂದು ಮೂರು ತಿಂಗಳಾಗಿದ್ದ ಹೊಸ ಯಂತ್ರದ ವಿಷಯ ಹೇಳಬೇಕು. ಬಿಳಿ ಡಬ್ಬಿ ಇಟ್ಟು ನಂಬರ್ ಒತ್ತಿದರೆ ಅದೇ ತೊಟ್ಟು ಎಣಿಸಿ ಬಣ್ಣ ಬಿಡುತ್ತಿತ್ತು, ಅದೇ ಅಲ್ಲಾಡಿಸುತ್ತಿತ್ತು. ಮೂರು ತಿಂಗಳಲ್ಲಿ ಒಂದು ತಪ್ಪೂ ಮಾಡಿರಲಿಲ್ಲ. ಇಷ್ಟು ನಿಯತ್ತಿನ ಪ್ರಾಣಿಯನ್ನು ಸಾಹುಕಾರ ಜನ್ಮದಲ್ಲಿ ಕಂಡಿರಲಿಲ್ಲ. ಹಳೆಯ ಸ್ಟೇನರ್ ಬಾಟಲಿಗಳನ್ನೆಲ್ಲ ಗುಜರಿ ಚೀಲಕ್ಕೆ ತುಂಬಿಸಿ, ಯಂತ್ರದ ಮೈಯನ್ನು ದಿನಕ್ಕೆರಡು ಸಲ ತಾನೇ ಒರೆಸುತ್ತಿದ್ದ. ಶೇಡಕ್ಕನ ಕೆಲಸ ಗುಂಡಿ ಒತ್ತುವುದಕ್ಕೆ ಇಳಿದಿತ್ತು. ಆಕೆ ಗೊಣಗಿರಲಿಲ್ಲ. ಡ್ರಮ್ಮು ಕೊನೇ ಹದಕ್ಕೆ ಬಂದಿತ್ತಲ್ಲ.

ಹಲ್ಲಿನ ಡಾಕ್ಟರಮ್ಮ ಬಂದದ್ದು ಸೋಮವಾರ. ಹೊಸ ಮನೆ ಕಟ್ಟಿಸಿದ್ದರು. ಅದರ ಹಾಲ್ ಎಷ್ಟು ದೊಡ್ಡದೆಂದರೆ ಒಂದು ತುದಿಯಲ್ಲಿ ಸೀನಿದರೆ ಇನ್ನೊಂದು ತುದಿಯವರಿಗೆ ಅದು ಹಳೇ ಸುದ್ದಿ. ಬ್ಯಾಗಿನಿಂದ ಒಂದು ಪಟ್ಟಿ ತೆಗೆದು ಕೌಂಟರ್ ಮೇಲಿಟ್ಟರು. ಅದರ ಮೇಲೆ ಸಾಲಾಗಿ ಹದಿನಾರು ಹಲ್ಲು. ಕಟ್ಟಿಸಿಕೊಳ್ಳುವ ಹಲ್ಲಿಗೆ ಬಣ್ಣ ಹೊಂದಿಸಲು ಡಾಕ್ಟರುಗಳು ಇಟ್ಟುಕೊಳ್ಳುವ ಪಟ್ಟಿಯದು. ಪಕ್ಕದಲ್ಲಿ ಮೊಳೆ ಕೊಳ್ಳುತ್ತಿದ್ದ ಗಿರಾಕಿ ತಟ್ಟನೆ ಬಾಯಿ ಮುಚ್ಚಿಕೊಂಡ.

"ನನಗೆ ಈ ಮೂರನೇ ಹಲ್ಲಿಗಿಂತ ಒಂಚೂರು ಬೂದು, ಈ ಆರನೇ ಹಲ್ಲಿಗಿಂತ ಒಂಚೂರು ಬೆಚ್ಚಗೆ ಬೇಕು" ಅಂದರು ಡಾಕ್ಟರಮ್ಮ.

ಶೇಡಕ್ಕ ಆಕೆಯನ್ನು ಗೌರವದಿಂದ ನೋಡಿದಳು. ಬೆಚ್ಚಗೆ ಎಂಬ ಮಾತನ್ನು ತಾನಾಗಿಯೇ ಆಡಿದ ಗಿರಾಕಿ ಹನ್ನೊಂದು ವರ್ಷದಲ್ಲಿ ಇವರೊಬ್ಬರೇ. ಯಂತ್ರದಲ್ಲಿ ಒಂದಾದ ಮೇಲೊಂದು ಸ್ಯಾಂಪಲ್ ತೆಗೆದಳು. ಒಂದು ಸಿಮೆಂಟಾಯಿತು, ಒಂದು ಸುಣ್ಣವಾಯಿತು, ಒಂದು, ಡಾಕ್ಟರಮ್ಮನ ಮಾತಿನಲ್ಲಿ, "ಇಪ್ಪತ್ತು ವರ್ಷ ಸಿಗರೇಟ್ ಸೇದಿರೋ ಬಾಯಿ" ಆಯಿತು. ಹದಿನೇಳು ಸ್ಯಾಂಪಲ್ ಮುಗಿದವು. ಡಾಕ್ಟರಮ್ಮ ಕೈಗೆ ಹತ್ತಿದ ಪೇಂಟ್ ತೊಳೆಯಲು ಹಿಂದಿನ ತೊಟ್ಟಿಗೆ ಹೋದರು.

ಅಲ್ಲಿಂದ ಕೂಗು ಬಂತು. "ಇದೇ! ಇದೇ ರೀ ನಾನು ಹೇಳ್ತಿರೋದು!"

ಡ್ರಮ್ಮಿನ ಪಕ್ಕ ರಟ್ಟು ಒರಗಿತ್ತು. ಬೆಳಗ್ಗೆ ಶೇಡಕ್ಕನೇ ವಾಪಸು ತಂದಿಟ್ಟದ್ದು.

"ಅದು ಮಾರಾಟಕ್ಕಲ್ಲ ಮೇಡಮ್."

"ಮಾರಾಟಕ್ಕಲ್ಲದ್ದು ಅಂಗಡೀಲಿ ಯಾಕಿದೆ?"

ಅಷ್ಟರಲ್ಲಿ ಸಾಹುಕಾರ ಓಡಿಬಂದ. "ಅದು ನಮ್ಮ ಅಂಗಡಿ ಸ್ಪೆಷಲ್ ಮೇಡಮ್! ಎಲ್ಲರಿಗೂ ತೋರಿಸಲ್ಲ. ನಾಲ್ಕು ವರ್ಷ ಹದ ಮಾಡಿದ ಮಾಲು."

"ಸಾರ್" ಎಂದು ಶೇಡಕ್ಕ ಆತನನ್ನು ಪಕ್ಕಕ್ಕೆ ಕರೆದಳು. "ಅದು ನನ್ನದು. ನೀವೇ ಹೇಳಿದ್ರಿ."

"ಹೇಳಿದ್ದೆ, ಇಲ್ಲ ಅನ್ನಲ್ಲ. ಆಗ ಅದು ಕೊಚ್ಚೆ ಆಗಿತ್ತು. ಈಗ ಬಣ್ಣ ಆಗಿದೆ."

"ಬಣ್ಣ ಮಾಡಿದ್ದು ನಾನಲ್ವಾ ಸಾರ್?"

"ನೋಡಮ್ಮ, ಡಬ್ಬಿ ನಂದು, ಡ್ರಮ್ ನಂದು, ಜಾಗ ನಂದು. ನಿಂದೇನಿತ್ತು ಅದರಲ್ಲಿ? ಕೋಲು ತಿರುಗಿಸಿದ್ದು. ಇನ್ನೊಂದು ಮಾಡ್ಕೋ. ತಪ್ಪಿಗೇನು ಬರಗಾಲನಾ ಈ ದೇಶದಲ್ಲಿ?"

ಶೇಡಕ್ಕ ಯಂತ್ರದ ಕಡೆ ನೋಡಿದಳು. ಅದು ಹಸಿರು ದೀಪ ಉರಿಸಿಕೊಂಡು, ಯಾವ ತಪ್ಪೂ ಮಾಡದೆ ಕೂತಿತ್ತು.

"ಮುಂಗೋಣೆಗೆ ಸಾಕಾಗೋಷ್ಟು, ಒಂದು ಬಕೆಟ್ ತೆಗೆದಿಟ್ಕೊಳ್ಲಾ?"

"ಅವರ ಹಾಲಿಗೇ ಸಾಲಲ್ಲ ಕಣಮ್ಮ. ತುಂಬಿಸು ತುಂಬಿಸು."

ಆಕೆಯೇ ತುಂಬಿಸಿದಳು. ಬೇರೆಯವರು ತುಂಬಿಸಿದರೆ ತಳದ ಗಷ್ಟು ಬೆರೆತು ಬಣ್ಣ ಕೆಡುತ್ತದೆಂದು ಕೊನೇ ಸಲ ಸೋಸಿಯೂ ಕೊಟ್ಟಳು.

ಮನೆಯಲ್ಲಿ ಗಂಡ ಬೀರುವನ್ನು ನಡುಕೋಣೆಗೆ ಎಳೆದು, ಕ್ಯಾಲೆಂಡರಿನ ಮೊಳೆ ಕಿತ್ತು, ನೆಲಕ್ಕೆ ಹಳೇ ಪೇಪರ್ ಹಾಸಿ ಕೂತಿದ್ದ.

"ಎಲ್ಲಿ ನಿನ್ನ ಡ್ರಮ್ಮು? ಆಟೋದಲ್ಲಿ ಬರುತ್ತಾ, ಪಲ್ಲಕ್ಕೀಲಿ ಬರುತ್ತಾ?"

"ಬರಲ್ಲ. ಪೇಪರ್ ಎತ್ತಿಡಿ."

ಆಕೆ ನಡೆದದ್ದನ್ನೆಲ್ಲ ಹೇಳಿದ ಮೇಲೆ ಆತ ಸಾಹುಕಾರನ ಮೂರು ತಲೆಮಾರನ್ನು ಲೇತ್ ಮೆಶೀನಿಗೆ ಕೊಟ್ಟು ತಿರುಗಿಸಿದ. ಆಮೇಲೆ, "ಹೋಗ್ಲಿ ಬಿಡೆ, ಬಣ್ಣ ತಾನೆ. ಇನ್ನೊಂದು ನೋಡಿದ್ರಾಯ್ತು" ಅಂದ. ಸಾಹುಕಾರನ ಮಾತಿಗಿಂತ ಈ ಮಾತೇ ಆಕೆಗೆ ಚುಚ್ಚಿತು. ಆದರೆ ಒಳ್ಳೆಯ ಮನಸ್ಸಿನಿಂದ ಆಡಿದ ಮಾತಿಗೆ ಜಗಳ ಆಡುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮನ ಹಾಲಿನಲ್ಲಿ ಮೂರು ಗೋಡೆಗೆ ಡ್ರಮ್ಮು ಬರಿದಾಯಿತು. ನಾಲ್ಕನೆಯದಕ್ಕೆ ಯಂತ್ರದ ಬಣ್ಣ ಅಳೆಯುವ ಕಣ್ಣನ್ನು ರಟ್ಟಿನ ಮೇಲಿಟ್ಟು ನೋಡಿದರು. ಅದು ಕ್ಷಣದಲ್ಲಿ ಲೆಕ್ಕ ಹಾಕಿ, ನೂರಕ್ಕೆ ತೊಂಬತ್ತೊಂಬತ್ತು ಸರಿ ಎಂದು ಪರದೆಯ ಮೇಲೆ ಬರೆದು, ಒಂದು ನಂಬರ್ ಕೊಟ್ಟಿತು. ಮೇಸ್ತ್ರಿ ಬಳಿದ. ಹೊಂದಿದೆಯಾ ನೋಡಿ ಬಾ ಎಂದು ಸಾಹುಕಾರ ಶೇಡಕ್ಕನನ್ನು ಕಳಿಸಿದ.

ಆಕೆ ಹೋದಾಗ ಮಧ್ಯಾಹ್ನ ನಾಲ್ಕು. ಬಾಗಿಲಲ್ಲೇ ನಿಂತಳು. ಮೂರು ಗೋಡೆ ಉಸಿರಾಡುತ್ತಿದ್ದವು. ತನ್ನ ನಾಲ್ಕು ವರ್ಷ ಮತ್ತೊಬ್ಬರ ಮನೆಯಲ್ಲಿ ಚಪ್ಪಲಿ ಬಿಟ್ಟು, ಕಾಲು ಚಾಚಿ, ಹಾಯಾಗಿ ಕೂತಿತ್ತು. ನಾಲ್ಕನೆಯ ಗೋಡೆ ಮಾತ್ರ ಹಸಿರುಗಟ್ಟಿತ್ತು. ಕೂದಲೆಳೆಯಷ್ಟು ಹಸಿರು. ಮಿಲ್ಲಿನ ಕ್ವಾರ್ಟರ್ಸಿನಿಂದ ಇಲ್ಲಿಯವರೆಗೆ ವಾಸನೆ ಹಿಡಿದುಕೊಂಡು ಬಂದಂಥ ಹಸಿರು.

"ಚೆನ್ನಾಗಿ ಹೊಂದಿದೆ ಅಲ್ವಾ?" ಅಂದರು ಡಾಕ್ಟರಮ್ಮ.

"ಇಲ್ಲ ಮೇಡಮ್."

ಮೇಸ್ತ್ರಿ ಹಿಂದಿನಿಂದ ಆಕೆಯ ಮೊಣಕೈ ಹಿಡಿದೆಳೆದ. "ಅಕ್ಕಾ, ಸುಮ್ನಿರಕ್ಕ. ಒಪ್ಕೊಂಡಿದ್ದಾರೆ. ನಿಂಗೇನು ಬಂತು? ನಿನ್ನ ಮನೆ ಗೋಡೆನಾ?"

ಬಾಯಿ ಮುಚ್ಚಿಕೊಂಡು ಬರಬಹುದಿತ್ತು. ಕದ್ದ ಬಣ್ಣದ ಮಗ್ಗುಲಲ್ಲಿ ಒಂದು ಹಸಿರು ಗೋಡೆ ನಿಂತು ಜೀವಮಾನವಿಡೀ ಆ ಮನೆಯನ್ನು ಕಾಡಲಿ ಎಂದು ಒಳಗೊಳಗೇ ನಗಬಹುದಿತ್ತು. ಬೇರೆ ಯಾರೇ ಆಗಿದ್ದರೂ ನಗುತ್ತಿದ್ದರು. ಶೇಡಕ್ಕ ಅಂಗಡಿಗೆ ಬಂದು, ಗುಜರಿಯವನು ಇನ್ನೂ ಒಯ್ಯದಿದ್ದ ಚೀಲವನ್ನು ನೆಲಕ್ಕೆ ಸುರಿದಳು. ಕೆಂಪು ಮಣ್ಣಿನ ಬಾಟಲಿಯೊಂದರಲ್ಲಿ ಎರಡು ಬೆರಳಿನಷ್ಟು, ಹಳದಿಯ ಮೂರು ಬಾಟಲಿಗಳ ತಳದಲ್ಲಿ ಒಂದೊಂದು ತೊಟ್ಟು. ಯಂತ್ರ ಕೊಟ್ಟ ಬೂದಿಗೆ ಜೋಪಾನವಾಗಿ ಬೆರೆಸಿದರೆ ಒಂದು ಸಣ್ಣ ಕೋಣೆಗೆ ಬೇಕಾದಷ್ಟು ಬೂದುಬಿಳಿ ಅದರಿಂದ ಆಗುತ್ತಿತ್ತು. ತನ್ನ ಮುಂಗೋಣೆಯಷ್ಟು ಕೋಣೆಗೆ. ಅಥವಾ ಡಾಕ್ಟರಮ್ಮನ ಒಂದು ಗೋಡೆಗೆ. ಎರಡಕ್ಕೂ ಆಗುತ್ತಿರಲಿಲ್ಲ. ಆಕೆ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಡಾಕ್ಟರಮ್ಮನ ಮನೆಗೆ ಹೋದಳು.

ಎರಡು ದಿನ ಬೆರೆಸಿದಳು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ದೀಪ ಹಾಕಿಸಿ ಒಂದು ಸಲ ಹಚ್ಚಿ ನೋಡಿದಳು. ಬಾಟಲಿಗೆ ನೀರು ಹಾಕಿ ಕುಲುಕಿ ಆ ನೀರನ್ನೂ ಬಿಟ್ಟಳು. ಮೂರನೆಯ ದಿನ ಮೇಸ್ತ್ರಿ ಗೊಣಗುತ್ತಾ ಮತ್ತೆ ಬಳಿದ. ನಾಲ್ಕು ಗೋಡೆಯೂ ಒಂದೇ ತಾಯಿ ಮಕ್ಕಳಾದವು.

ಡಾಕ್ಟರಮ್ಮ ಬಂದು ಸುತ್ತ ನೋಡಿ, "ಮೊದಲೂ ಹೀಗೇ ಇತ್ತಲ್ಲಮ್ಮ? ಸುಮ್ಮನೆ ಎರಡು ದಿನ ತಡ ಮಾಡಿದ್ರಿ" ಅಂದರು.

ಹದಿನಾರು ಹಲ್ಲಿನ ಸೂಕ್ಷ್ಮ ಬಲ್ಲವರಿಗೇ ಕಾಣಲಿಲ್ಲವೆಂದ ಮೇಲೆ ಇನ್ನಾರಿಗೆ ಹೇಳುವುದು?

ಡಾಕ್ಟರಮ್ಮನ ಮನೆಗೆ ಬಂದವರೆಲ್ಲ ಗೋಡೆಯ ಫೋಟೋ ತೆಗೆದುಕೊಂಡು ನೇರ ಪೇಂಟ್ ಅಂಗಡಿಗೆ ಬಂದರು. ಸಾಹುಕಾರನ ಬಳಿ ಯಂತ್ರ ಕೊಟ್ಟ ನಂಬರ್ ಇತ್ತು. ಅದಕ್ಕೆ "ಡಾಕ್ಟರ್ ಬೂದು" ಎಂದು ಹೆಸರಿಟ್ಟು ಬೋರ್ಡ್ ಬರೆಸಿದ. ವಕೀಲರಿಗೆ ಡಾಕ್ಟರ್ ಬೂದು, ಡ್ರೈವಿಂಗ್ ಶಾಲೆಗೆ ಡಾಕ್ಟರ್ ಬೂದು. ಬೀದಿಗೆ ಬೀದಿಯೇ ಒಳಗಿನಿಂದ ಹಸಿರುಗಟ್ಟುತ್ತಾ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಗುಂಡಿ ಒತ್ತುತ್ತಿದ್ದವಳು ಶೇಡಕ್ಕ.

"ಸಾರ್, ಇದರಲ್ಲಿ ಅರ್ಧ ತೊಟ್ಟು ಕೆಂಪು ಕಡಿಮೆ ಇದೆ" ಎಂದು ಒಂದೆರಡು ಸಲ ಹೇಳಿ ನೋಡಿದಳು.

"ಯಾವ ಗಿರಾಕಿಯಾದ್ರೂ ಬಂದು ಹೇಳಿದಾನಾ?"

"ಇಲ್ಲ."

"ಮತ್ತೆ? ಯಂತ್ರಕ್ಕಿಂತ ದೊಡ್ಡ ಕಣ್ಣಾ ನಿಂದು?"

ಹೌದು ಎನ್ನುವುದು ಸತ್ಯವಾಗಿತ್ತು. ಆದರೆ ಅಂಥ ಸತ್ಯಕ್ಕೆ ಸಂಬಳ ಕೊಡುವವರಿಲ್ಲ. ಆಕೆ ಗಿರಾಕಿಗಳ ಮನೆಗೆ ಗೋಡೆ ನೋಡಲು ಹೋಗುವುದನ್ನು ಬಿಟ್ಟಳು. ದಾರಿಯಲ್ಲಿ ಕಿಟಕಿ ತೆರೆದಿದ್ದರೆ ತಲೆ ತಗ್ಗಿಸಿ ನಡೆಯತೊಡಗಿದಳು. ಮನೆಯ ಪ್ರೈಮರ್ ಗೋಡೆ ಹಾಗೇ ಇತ್ತು. ಅದರ ಮಾತು ಎತ್ತಲು ಗಂಡನೂ ಹೆದರುತ್ತಿದ್ದ. ತಮಾಷೆಗಾರನಿಗೆ ತಮಾಷೆ ನಿಂತು ಮೈಯಲ್ಲಿ ತುಕ್ಕು ಹಿಡಿಯತೊಡಗಿತ್ತು.

ಒಂದು ಬುಧವಾರ ಸಂಜೆ ಆಕೆ ಕೆಲಸ ಮುಗಿಸಿ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಹಸಿ ಪೇಂಟಿನ ವಾಸನೆ. ಗಂಡ ಮುಂಗೋಣೆಯ ನಡುವೆ ನಿಂತಿದ್ದ. ಮೂಗಿನ ಮೇಲೆ, ಕಿವಿಯ ಮೇಲೆ, ರೆಪ್ಪೆಯ ಮೇಲೆ ಕೂಡ ಬಣ್ಣ. ಗೋಡೆಗೆ ಎಷ್ಟು ಹೋಗಿತ್ತೋ ಅದಕ್ಕಿಂತ ಒಂದು ಲೀಟರ್ ಹೆಚ್ಚಾಗಿ ಆತನ ಮೈಮೇಲಿತ್ತು.

"ಕಣ್ಮುಚ್ಚು ಅನ್ನೋಣ ಅಂದ್ಕೊಂಡೆ, ಬಂದೇಬಿಟ್ಯಲ್ಲ" ಅಂದ. "ಎರಡು ದಿನ ರಜ ಹಾಕಿದ್ದೆ, ನಿಂಗೆ ಹೇಳಿರ್ಲಿಲ್ಲ. ನಿನ್ನೆ ನಡುಕೋಣೇಲಿ ತಲೆನೋವು ಅಂತ ಬಾಗಿಲು ಹಾಕ್ಕೊಂಡಿದ್ನಲ್ಲ, ಅಲ್ಲಿ ಪೇಪರ್‌ ಮೇಲೆ ರೋಲರ್ ಪ್ರಾಕ್ಟೀಸ್ ನಡೀತಿತ್ತು. ನೀನು ಕೌಂಟರ್ ಬಿಟ್ಟು ಊಟಕ್ಕೆ ಹೋದಾಗ ನಿಮ್ಮ ಸಾಹುಕಾರ ತಾನೇ ಕೈಯಾರೆ ಗುಂಡಿ ಒತ್ತಿ ಕೊಟ್ಟ. ಅದೇ ಬಣ್ಣ ಕಣೆ. ನಿಂದೇ. ಡಾಕ್ಟರಮ್ಮನ ಮನೆಯದ್ದು."

ಪಡುವಣ ಕಿಟಕಿಯಿಂದ ಇಳಿಬಿಸಿಲು ನೇರ ಗೋಡೆಗೆ ಬಿದ್ದಿತ್ತು. ಆಕೆ ನೋಡಿದಳು. ನೋಡದಿರುವುದು ಆ ಕಣ್ಣಿಗೆ ಸಾಧ್ಯವಿರಲಿಲ್ಲ.

"ಮೂಲೆ ಎಲ್ಲ ಎಷ್ಟು ನೀಟಾಗಿ ಹಿಡಿದಿದ್ದೀರಿ" ಅಂದಳು. "ಸ್ವಿಚ್ ಬೋರ್ಡಿಗೆ ಒಂದು ಹನಿ ತಾಗಿಲ್ಲ."

"ಕಬ್ಬಿಣ ಕೊರೆಯೋ ಕೈ ಅದು! ಬಣ್ಣ ಹೇಳು, ಬಣ್ಣ."

"ಸೊಂಟ ನೋಯ್ತಿದೆಯಾ?"

"ಸೊಂಟ ಹಾಳಾಗ್ಲಿ. ಹೇಗಿದೆ?"

ಆಕೆ ಕೈಚೀಲವನ್ನು ನೆಲದ ಮೇಲಿಟ್ಟು, ಗೋಡೆಯ ಹತ್ತಿರ ಹೋಗಿ ಮೂಗಿಟ್ಟು ನೋಡಿದಳು. ಹಿಂದೆ ಸರಿದು ನೋಡಿದಳು. ಆತ ರೋಲರ್ ಹಿಡಿದೇ ನಿಂತಿದ್ದ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಒಂದು ಮಾತೂ ಆಡದೆ ಇಷ್ಟು ಹೊತ್ತು ನಿಂತದ್ದು ಅದೇ ಮೊದಲು.

"ಚೆನ್ನಾಗಿದೆ" ಅಂದಳು ಶೇಡಕ್ಕ.

ಆತ ನಕ್ಕ. ಕೆನ್ನೆಯ ಮೇಲೆ ಒಣಗಿದ್ದ ಬಣ್ಣ ಬಿರುಕುಬಿಟ್ಟಿತು.

ಒಣಗಿದ್ದು ಖಚಿತವಾದ ಮೇಲೆ, ಮರುದಿನ ಸಂಜೆ, ಇಬ್ಬರೂ ಸೇರಿ ಸಾಮಾನು ಮತ್ತೆ ಮುಂಗೋಣೆಗೆ ತಂದರು. ಬೀರು ಮೊದಲಿದ್ದ ಜಾಗಕ್ಕೇ ಹೋಗಲಿ ಎಂದು ಆತ ತಳ್ಳತೊಡಗಿದ.

"ಅಲ್ಲಿ ಬೇಡ. ಈ ಗೋಡೆಗೆ" ಅಂದಳು ಆಕೆ, ಬಿಸಿಲು ಬೀಳುವ ಗೋಡೆ ತೋರಿಸಿ.

"ಮಧ್ಯದಲ್ಲಾ? ಗೋಡೆ ಪೂರಾ ಮುಚ್ಚಿಹೋಗುತ್ತಲ್ಲೆ?"

"ಅದರ ಪಕ್ಕ ಪುಸ್ತಕದ ಶೆಲ್ಫ್ ಇಡೋಣ. ಮೇಲೆ ಕ್ಯಾಲೆಂಡರ್, ಆ ದೊಡ್ಡ ಕನ್ನಡಿ. ಮಡಚೋ ಮಂಚಾನೂ ಇಲ್ಲೇ ನಿಲ್ಲಿಸಬಹುದು."

ಆತ ತಳ್ಳುವುದನ್ನು ನಿಲ್ಲಿಸಿದ. ಬೀರುವಿನ ಆಚೆ ಬದಿಯಿಂದ ಆತನ ಮುಖ ಆಕೆಗೆ ಕಾಣುತ್ತಿರಲಿಲ್ಲ, ಅದರ ಅಂಚಿಗೆ ಆನಿಸಿದ್ದ ಬೆರಳುಗಳು ಮಾತ್ರ ಕಾಣುತ್ತಿದ್ದವು. ಉಗುರ ಸಂದಿಯಲ್ಲಿ ಇನ್ನೂ ಬಣ್ಣವಿತ್ತು.

"ಚೆನ್ನಾಗಿದೆ ಅಂದ್ಯಲ್ಲ?"

"ಅಂದೆನಲ್ಲ ರೀ. ತಳ್ಳಿ."

ಸ್ವಲ್ಪ ಹೊತ್ತು ಬೀರು ಅಲ್ಲಾಡಲಿಲ್ಲ. ಆಮೇಲೆ ಆತ ತಮಾಷೆಯಿಲ್ಲದೆ ಇಂಚಿಂಚಾಗಿ ತಳ್ಳತೊಡಗಿದ.

"ಇನ್ನೂ ಸ್ವಲ್ಪ ಈ ಕಡೆ" ಅಂದಳು ಆಕೆ. "ಇನ್ನೂ ಸ್ವಲ್ಪ."